ಎಂಟು ಕೊಂಬಿನ ಪೆಟ್ಟಿಗೆಯೂ ತಾಮ್ರದ ನೆಲವೂ

“ನನ್ನ ಬೆರಳ ತುದಿಗೆ ಏನೂ ಗೊತ್ತಾಗಲ್ಲ ಕಣ್ರೇ. ಇಸ್ತ್ರಿ ಕಾದಿದೆಯಾ ಅಂತ ಮದುವೆಯಾಗಿ ಬಂದಾಗಿಂದ ಇದೇ ಬೆರಳಲ್ಲಿ ಮುಟ್ಟಿ ನೋಡ್ಕೊಂಡು ಬಂದಿದೀನಿ. ಮೊದಮೊದಲು ಬೊಬ್ಬೆ ಬರೋದು. ಆಮೇಲೆ ಅದೂ ನಿಲ್ತು. ವಾರ್ಡ್ ಆಫೀಸಲ್ಲಿ ಹೆಬ್ಬೆಟ್ಟು ಒತ್ತಿಸ್ಕೊಳ್ಳೋ ಯಂತ್ರ ಇದೆಯಲ್ಲ, ಅದು ನನ್ನ ಕೈನ ಮನುಷ್ಯರ ಕೈ ಅಂತಲೇ ಒಪ್ಪಲ್ಲ. ‘ಅಜ್ಜೀ, ಇನ್ನೊಂದ್ ಸಲ ಒತ್ತಿ, ಇನ್ನೊಂದ್ ಸಲ ಒತ್ತಿ’ ಅಂತಾಳೆ ಆ ಹುಡುಗಿ. ಗೆರೆ ಇದ್ರೆ ತಾನೇ ಒತ್ತಿದ್ರೆ ಬರೋದು? ನಮ್ಮನೆಯವ್ರು ಬಿದ್ದ ದಿನ ಅತ್ತ್ಯೇನೇ ಅಂತ ಎಲ್ರೂ ಕೇಳ್ತೀರಿ. ಅಳಲಿಲ್ಲ. ಮಹಡಿ ಮೇಲೆ ದಡ್ ಅಂದದ್ದು ಕೇಳ್ತು. ಕೈಯಲ್ಲಿ ಹೈಸ್ಕೂಲ್ ಮೇಷ್ಟ್ರ ಕೋಟಿತ್ತು. ಇಸ್ತ್ರಿ ಎತ್ತಿಟ್ಟೆ, ಸ್ವಿಚ್ ಆರಿಸ್ದೆ, ಕೋಟನ್ನ ಹ್ಯಾಂಗರಿಗೆ ಹಾಕ್ದೆ, ಆಮೇಲೆ ಮೆಟ್ಲು ಹತ್ತಿದೆ. ಕೋಟು ಸುಡಬಾರ್ದಲ್ಲ. ಈಗ್ಲೂ ಅಷ್ಟೇ. ಬೆಳಗ್ಗೆ ಎದ್ದು ಅವರನ್ನ ಮಗ್ಗುಲು ಹೊರಳಿಸ್ತೀನಿ, ಒರೆಸ್ತೀನಿ, ಗಂಜಿ ಕುಡಿಸ್ತೀನಿ, ಕೆಳಗೆ ಬಂದು ಅಂಗಡಿ ಬಾಗಿಲು ತೆಗೀತೀನಿ. ಪ್ರೀತಿ ಇದೆಯೇನೇ ಅಂದ್ರೆ ಏನ್ ಹೇಳ್ಲಿ? ಇಸ್ತ್ರಿ ಬಿಸಿ ಇದೆಯಾ ಅಂತ ಈ ಬೆರಳನ್ನ ಕೇಳಿದ ಹಾಗೆ. ಇದೆಯೋ ಇಲ್ವೋ ಅನ್ನೋದು ಬಟ್ಟೆ ನೋಡಿ ತಿಳ್ಕೋಬೇಕು.”

ಹ್ವಾಜಾ ಹೀಗೆ ಹೇಳಿದ್ದು ಯೊಂಗ್ಜು ಪೇಟೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಹೆಂಗಸರ ಕೂದಲು ಗುಂಗುರು ಮಾಡುವ ಪರ್ಮ್ ಅಂಗಡಿಯ ಬೆಂಚಿನ ಮೇಲೆ ಕೂತು. ತಲೆತುಂಬ ಸುರುಳಿ ಸುತ್ತಿ ಮೇಲೆ ಟವೆಲ್ಲು ಬಿಗಿದಿದ್ದರು. ಅಂಗಡಿಯವಳು, “ತಲೆಗಾದ್ರೂ ಬಿಸಿ ಗೊತ್ತಾಗ್ತಿದೆಯೇನೇ ನಿಂಗೆ? ಔಷಧಿ ಹಚ್ಚಿ ಬಹಳ ಹೊತ್ತಾಯ್ತು,” ಎಂದಳು.

“ಆಗ್ತಿದೆ, ತೊಳಿ,” ಎಂದಳು ಹ್ವಾಜಾ.

ಪಕ್ಕದ್ದೇ ಅವಳ ಹಂಸ ಲಾಂಡ್ರಿ. ಕೆಳಗೆ ಅಂಗಡಿ, ಮೇಲೆ ಮನೆ. ಮೆಟ್ಟಿಲು ಹೊರಗಿನಿಂದ ಗೋಡೆಗೆ ಅಂಟಿಕೊಂಡು ಹತ್ತುತ್ತದೆ. ಅಂಗಡಿ ಇಟ್ಟವರು ಅವಳ ಮಾವ. ಅವರು ಬರೆಸಿದ ಬೋರ್ಡಿನ ಮೇಲೆ ಬಿಸಿಲಿಗೆ ಹಂಸದ ಕೊಕ್ಕು ಅಳಿಸಿ, ಈಗ ಅದೊಂದು ಬಿಳಿ ಮುದ್ದೆ. ಗಂಡ ಬ್ಯೊಂಗ್ಮಾನನದು ಬೀದಿಯ ಕೆಲಸ. “ಲಾಂಡ್ರೀ! ಲಾಂಡ್ರೀ!” ಎಂದು ಕೂಗುತ್ತ ಮನೆಮನೆಯಿಂದ ಬಟ್ಟೆ ತರುವುದು, ಇಸ್ತ್ರಿಯಾದದ್ದನ್ನು ಹೆಗಲ ಮೇಲೆ ಹೊತ್ತು ಕೊಡುವುದು. ಐದನೇ ಮಹಡಿಯ ಹೆಂಗಸು ಕೂಡ ಅವನ ಗಂಟಲು ಕೇಳಿಯೇ ಬಟ್ಟೆ ಗಂಟು ಕಟ್ಟಿಡುತ್ತಿದ್ದಳು. ಎರಡು ಚಳಿಗಾಲದ ಹಿಂದೆ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಅಷ್ಟು ದೊಡ್ಡ ಗಂಟಲಿನಲ್ಲಿ ಉಳಿದದ್ದು ಒಂದೇ ಮಾತು: “ಆಯ್ತು.”

ಹಸಿವಾದರೂ ಆಯ್ತು, ಹೊಟ್ಟೆ ತುಂಬಿದರೂ ಆಯ್ತು. ಬೆನ್ನು ಉರಿದರೆ, ಟಿವಿಯಲ್ಲಿ ಕುಸ್ತಿ ಮುಗಿದರೆ, ಕಿಟಕಿಯಲ್ಲಿ ಗುಬ್ಬಿ ಕೂತರೆ, ಎಲ್ಲಕ್ಕೂ ಆಯ್ತು. ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ನರ್ಸುಗಳು ಮೂರು ಚಮಚ ಗಂಜಿ ಕುಡಿಸುವುದರೊಳಗೆ ಅವನು “ಆಯ್ತು” ಅನ್ನುವನು, ಅವರು ಬಟ್ಟಲು ತೆಗೆದುಕೊಂಡು ಹೋಗುವರು. ಪಾಪ, ಅವರದೇನು ತಪ್ಪು? ಹ್ವಾಜಾ ಹೋಗಿ ನೋಡುವಷ್ಟರಲ್ಲಿ ಕೆನ್ನೆ ಒಳಗೆ ಹೋಗಿ ಮೂಳೆ ಎದ್ದಿತ್ತು. ಅವಳು ಪಕ್ಕದಲ್ಲಿ ಕೂತು ಕಿವಿಗೊಟ್ಟು ಕೇಳಿದಳು. ಗಂಜಿ ಬೇಕೆಂಬ ಆಯ್ತಿನಲ್ಲಿ ಕೊನೆ ಸ್ವಲ್ಪ ಮೇಲೆದ್ದು ನಿಲ್ಲುತ್ತದೆ. ಸಾಕೆಂಬ ಆಯ್ತು ನೆಲಕ್ಕೆ ಬಿದ್ದ ಬಟ್ಟೆಯ ಹಾಗೆ ಕುಸಿಯುತ್ತದೆ. ಮೈ ಹೊರಳಿಸೆಂಬುದು ಎರಡು ಸಲ ಬೇಗಬೇಗ. ಊರಿನಲ್ಲಿ ಬೇರೆ ಯಾರ ಕಿವಿಗೂ ಈ ವ್ಯತ್ಯಾಸ ತಿಳಿಯಲಿಲ್ಲ. ಅವನ ಸ್ವಂತ ಅಕ್ಕನಿಗೂ ತಿಳಿಯಲಿಲ್ಲ.

ಅಕ್ಕನ ಹೆಸರು ಮ್ಯೊಂಗಿಮ್. ನದಿಯಾಚೆ ಸೇಬಿನ ತೋಟದ ಕಡೆ ಮನೆ. ದಪ್ಪ ಹೆಂಗಸು, ಮಂಡಿ ನೋವು, ಬಾಯಿ ಮಾತ್ರ ಸುಸೂತ್ರ. ಬೇಸಿಗೆ ಕಳೆಯುವ ಹೊತ್ತಿಗೆ ಒಂದು ದಿನ ಅವಳು ಮಹಡಿ ಹತ್ತಿ ನೋಡಿದರೆ ತಮ್ಮ ಹಾಸಿಗೆಯಿಂದ ಹೊರಳಿ, ಬಾಗಿಲ ಬಳಿ ಮುಖ ನೆಲಕ್ಕೆ ಹಾಕಿ ಬಿದ್ದಿದ್ದ. ಕೆಳಗೆ ಉಗಿಯ ಯಂತ್ರ ಬುಸ್ಸೆನ್ನುತ್ತಿತ್ತು, ಹ್ವಾಜಾಳಿಗೆ ಕೇಳಿರಲಿಲ್ಲ. ಎಷ್ಟು ಹೊತ್ತಿಂದ ಬಿದ್ದಿದ್ದನೋ, ಮೂಗಿನ ತುದಿ ನೀಲಿಗಟ್ಟಿತ್ತು.

“ಇನ್ ಸಾಕು ಕಣಮ್ಮಾ,” ಎಂದಳು ಮ್ಯೊಂಗಿಮ್. “ವೃದ್ಧರ ಆಸ್ಪತ್ರೆಗೆ ಸೇರ್ಸೋಣ. ಗುಡ್ಡದ ಹತ್ರ ಇದೆಯಲ್ಲ, ಅಲ್ಲಿ ನನ್ನ ಓರಗಿತ್ತಿ ಮಗಳು ಕೆಲಸಕ್ಕಿದಾಳೆ. ಹಾಸಿಗೆ ಖಾಲಿ ಆದ್ ಕೂಡ್ಲೆ ಹೇಳ್ತಾಳೆ.”

“ಆಗ್ಲಿ ಅಕ್ಕಾ.”

“ಆಗ್ಲಿ ಅಂತೀಯಲ್ಲ, ಮನಸ್ಸಿದ್ಯೋ ಇಲ್ವೋ ಹೇಳು.”

ಅದು ಹ್ವಾಜಾಳಿಗೇ ಗೊತ್ತಿರಲಿಲ್ಲ. ಅಕ್ಕನ ಜೊತೆ ಹೋಗಿ ಆ ಜಾಗವನ್ನು ನೋಡಿಕೊಂಡು ಬಂದಳು. ಒಂದು ಕೋಣೆಗೆ ಆರು ಹಾಸಿಗೆ, ಕಿಟಕಿಯಾಚೆ ಒಣಗಲು ಹರವಿದ ಕೆಂಪು ಮೆಣಸಿನಕಾಯಿ, ಒಳಗೆ ಬಿಸಿ ಬಿಸಿ ನೆಲ. ಎಲ್ಲ ಚೆನ್ನಾಗಿಯೇ ಇತ್ತು. ಬರುವಾಗ ಬಸ್ಸಿನಲ್ಲಿ ಅವಳು ಆಡಿದ್ದು ಒಂದೇ ಮಾತು: “ಹಾಸಿಗೆ ವಸ್ತ್ರಕ್ಕೆ ಇಸ್ತ್ರಿ ಹಾಕಿರ್ಲಿಲ್ಲ.” ಹಿಂದಿನ ಸೀಟಿನವರಿಗೂ ಕೇಳುವ ಹಾಗೆ ಮ್ಯೊಂಗಿಮ್ ಹಣೆ ಚಚ್ಚಿಕೊಂಡಳು. ಆಮೇಲೆ ಮೂರು ನಿಲ್ದಾಣ ದಾಟಿದ ಮೇಲೆ ತಾನೇ ಒಂದು ದಾರಿ ಹೇಳಿದಳು. ತೋಟದ ಕಳ್ಳರ ಕಾಟಕ್ಕೆ ಅವಳ ಅಳಿಯ ಒಂದು ಕ್ಯಾಮೆರಾ ಹಾಕಿದ್ದಾನೆ. ಅದರಲ್ಲಿ ನೋಡಬಹುದು, ಕೇಳಲೂಬಹುದು. ಅಂಥದೊಂದು ಮಹಡಿಯಲ್ಲಿಟ್ಟು, ಕೆಳಗೆ ಇಸ್ತ್ರಿ ಮೇಜಿನ ಮೇಲೆ ಹಲಗೆಯಂಥ ಟ್ಯಾಬ್ ಇಟ್ಟುಕೊಂಡರೆ ಕಣ್ಣು, ಕಿವಿ ಎರಡೂ ಅವನ ಮೇಲೆ. “ಹಾಸಿಗೆ ಖಾಲಿ ಆಗೋದ್ರೊಳಗೆ ಅದು ನೆಟ್ಟಗೆ ಕೆಲಸ ಮಾಡಿದ್ರೆ ಇವನು ಮನೇಲಿರ್ಲಿ. ಇಲ್ದಿದ್ರೆ ನಾನು ನಿನ್ ಮಾತು ಕೇಳಲ್ಲ. ಅವನಿಗೆ ನೀನು ಹೆಂಡ್ತಿ, ನಾನು ಎತ್ತಿ ಆಡಿಸಿದೋಳು.”

ಹೀಗೆ ಹಂಸ ಲಾಂಡ್ರಿಗೆ ವೈಫೈ ಬಂತು.

ಮೊದಲು ಬಂದದ್ದು ಇಂಟರ್ನೆಟ್ ಲೈನಿನವರು ಪುಕ್ಕಟೆ ಕೊಟ್ಟ ಎರಡು ಕೊಂಬಿನ ರೌಟರು. ಲೈನು ಬರುವುದು ಅಂಗಡಿಗಾದ್ದರಿಂದ ಅವರ ಕಡೆಯ ಮೇಸ್ತ್ರಿ ಜಿನ್ ಅದನ್ನು ಅಂಗಡಿಯ ಅಟ್ಟದ ಮೇಲೆ, ನೂಲಿನ ಉಂಡೆಗಳ ಪಕ್ಕ ಕೂರಿಸಿದ. ಜಿನ್ ಐವತ್ತರ ಆಸುಪಾಸಿನವನು, ಮಾತಿನ ಮಧ್ಯೆ ಉಸಿರೇ ತೆಗೆದುಕೊಳ್ಳುವವನಲ್ಲ.

“ಅಮ್ಮಾ, ಇದಕ್ಕೊಂದು ಹೆಸರಿಡ್ಬೇಕು. ಏನಿಡ್ಲಿ?”

“ಈಗೇನಿದೆ?”

“ಈಗ ಏನೋ ನಾಲ್ಕು ಅಕ್ಷರ, ಒಂದಷ್ಟು ನಂಬರು. ಎಲ್ಲಾರೂ ಮೊಮ್ಮಕ್ಕಳ ಹೆಸ್ರು, ನಾಯಿ ಹೆಸ್ರು ಇಡ್ತಾರೆ.”

“ಇರೋದೇ ಇರ್ಲಿ.”

ಗುಟ್ಟಿನ ಪದಕ್ಕೆ ಅಂಗಡಿಯ ಫೋನ್ ನಂಬರನ್ನೇ ಹೇಳಿದಳು. ಜಿನ್ ಕ್ಯಾಮೆರಾವನ್ನು ಮಹಡಿಯಲ್ಲಿ ಬಟ್ಟೆ ಬೀರುವಿನ ತಲೆಯ ಮೇಲಿಟ್ಟ. ಮೊದಲು ಅದನ್ನು ಅಂಗಡಿಯಲ್ಲೇ ರೌಟರಿಗೆ ಪರಿಚಯ ಮಾಡಿಸಿದ್ದ. ಟ್ಯಾಬಿನಲ್ಲಿ ಇಸ್ತ್ರಿ ಮೇಜು ಚೆನ್ನಾಗಿಯೇ ಕಂಡಿತ್ತು. ಮೇಲೆ ಒಯ್ದ ಮೇಲೆ ಅದರ ಹಸಿರು ದೀಪ ಮಿಣುಕುತ್ತಲೇ ಉಳಿಯಿತು. “ದೀಪ ಮಿಣುಕದೆ ನಿಂತ್ರೆ ಸಿಕ್ತು ಅಂತ ತಿಳ್ಕೊಳ್ಳಿ. ಸ್ವಲ್ಪ ಹೊತ್ತು ನೋಡಿ,” ಎಂದು ಹೇಳಿ ಅವನು ಬೇರೆ ಮನೆಗೆ ಓಡಿದ. ದೀಪ ನಿಲ್ಲಲಿಲ್ಲ. ಮಾರನೆಯ ದಿನ ಫೋನ್ ಮಾಡಿದರೆ, “ರೌಟರಿಗೆ ಏನಾದ್ರೂ ಮುಚ್ಚಿದೀರಾ?” ಎಂದು ಕೇಳಿದ.

ಮುಚ್ಚಿದ್ದಳು. ಉಗಿ ತಾಗಿ ಕೆಡಬಾರದೆಂದು, ಇಸ್ತ್ರಿಯಾದ ಕೋಟಿಗೆ ತೊಡಿಸುವ ಪ್ಲಾಸ್ಟಿಕ್ಕನ್ನು ತೊಡಿಸಿ ಕೆಳಗೆ ಗಂಟು ಹಾಕಿದ್ದಳು. ಪೆಟ್ಟಿಗೆ ಒಳಗೆ ಬೆವರುತ್ತಿತ್ತು. ಬಿಚ್ಚಿದರೂ ದೀಪ ನಿಲ್ಲಲಿಲ್ಲ. ಟ್ಯಾಬ್ ಬೇರೆ ಅವಳ ಬೆರಳಿಗೆ ಬಗ್ಗಲೊಲ್ಲದು. ಎಷ್ಟು ಮುಟ್ಟಿದರೂ ಗಾಜಿಗೆ ಅವಳು ಮುಟ್ಟಿದ್ದೇ ತಿಳಿಯದು. ಕೊನೆಗೆ ಬೆರಳ ಗೆಣ್ಣಿನಿಂದ, ಬಾಗಿಲು ಬಡಿದ ಹಾಗೆ ಬಡಿಯುವುದನ್ನು ಕಲಿತಳು.

ಮ್ಯೊಂಗಿಮ್ ಕೇಳಿ, “ಪುಕ್ಕಟೆ ಕೊಟ್ಟಿದ್ದು ಪುಕ್ಕಟೆ ಥರಾನೇ ಇರುತ್ತೆ. ನಡಿ, ಒಳ್ಳೇದು ನೋಡೋಣ,” ಎಂದು ಸಂತೆಬೀದಿಯ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗೆ ಎಳೆದುಕೊಂಡು ಹೋದಳು. ಗೋಡೆತುಂಬ ರೌಟರುಗಳು. ಮುಚ್ಚಿದ ಅನ್ನದ ಬಟ್ಟಲಿನಂಥ ದುಂಡನೆಯವು, ಬೆನ್ನಡಿಯಾಗಿ ಬಿದ್ದ ಏಡಿಯಂಥ ಕರಿಯವು.

“ಮನೆ ಎಷ್ಟು ದೊಡ್ಡದಮ್ಮಾ?” ಅಂಗಡಿಯವನು ಕೇಳಿದ.

“ಮನೆ ಚಿಕ್ಕದಪ್ಪಾ, ಮಲಗಿರೋನು ದೊಡ್ಡೋನು,” ಎಂದಳು ಮ್ಯೊಂಗಿಮ್. “ಅದ್ಯಾಕೆ ಇದಕ್ಕೆ ನಾಲ್ಕೇ ಕೊಂಬು, ಅದಕ್ಕೆ ಎಂಟು?”

“ಎಂಟಿದ್ರೆ ಎಂಟು ಕಡೆಗೂ ಚೆನ್ನಾಗಿ ಹೋಗುತ್ತೆ. ಆದ್ರೆ ನಿಮ್ಮ ಮನೆಗೆ ಈ ದುಂಡಂದೇ ಧಾರಾಳ.”

“ನೀನು ಮಾರೋಕೆ ಕೂತಿದ್ಯೋ ಉಳ್ಸೋಕೆ ಕೂತಿದ್ಯೋ?”

ಹ್ವಾಜಾ ದುಂಡನೆಯದನ್ನು ಕೈಯಲ್ಲಿ ಎತ್ತಿ, ತಿರುಗಿಸಿ, ಇಟ್ಟಳು. “ಇದು ಮಹಡಿ ಹತ್ತುತ್ತಾ?” ಎಂದಷ್ಟೇ ಕೇಳಿದಳು.

“ಇದು ಹತ್ತಲ್ಲಮ್ಮಾ, ಹಾರುತ್ತೆ.”

“ನಮ್ಮನೇದು ಕಾಂಕ್ರೀಟು,” ಎಂದಳು ಮ್ಯೊಂಗಿಮ್. “ಎಂಟು ಕೊಂಬಿಂದೇ ಕಟ್ಟು. ಹ್ವಾಜಾ, ಈ ಸಲ ಸುಗ್ಗಿ ಹುಣ್ಣಿಮೆ ಹಬ್ಬಕ್ಕೆ ನಿನಗೆ ಡಬ್ಬಿ ಮಾಂಸದ ಪೆಟ್ಟಿಗೆ ಇಲ್ಲ, ಎಣ್ಣೆ ಶೀಸೆ ಇಲ್ಲ. ಇದೇ ನನ್ನ ಉಡುಗೊರೆ.”

ಬ್ಯೊಂಗ್ಮಾನನಿಗೆ ಅದನ್ನು ತೋರಿಸಿದರು. ಅವನು ಎಡಗೈಯಿಂದ ಒಂದು ಕೊಂಬನ್ನು ಮಡಚಿ, “ಆಯ್ತು,” ಎಂದ. ಮ್ಯೊಂಗಿಮ್‌ಗೆ ಸಂತೋಷವಾಯಿತು. ಅದು ಬೆನ್ನು ಕೆರೆ ಎಂಬ ಆಯ್ತೆಂದು ತಿಳಿದ ಹ್ವಾಜಾ ಅವನ ಬೆನ್ನು ಕೆರೆದಳು.

ಎಂಟು ಕೊಂಬಿನದೂ ಹತ್ತಲಿಲ್ಲ. ಅಟ್ಟದ ಮೇಲಿಟ್ಟರು, ಕಿಟಕಿಯಲ್ಲಿಟ್ಟರು, ಬಟ್ಟೆ ತೂಗುಹಾಕುವ ಸರಳಿಗೆ ಕಟ್ಟಿದರು. ಹಬ್ಬ ಹತ್ತಿರವಾದ್ದರಿಂದ ಊರಿನ ಕೋಟುಗಳೂ ಹೆಂಗಸರ ಹಬ್ಬದ ನಿಲುವಂಗಿಗಳೂ ಅಂಗಡಿಗೆ ಬಂದು ತುಂಬಿದ್ದವು. ಆ ಬಟ್ಟೆಗಳ ನಡುವೆ ಕರೀ ಪೆಟ್ಟಿಗೆ ಎಂಟು ಕೊಂಬು ಎತ್ತಿಕೊಂಡು ತೂಗಾಡುತ್ತಿತ್ತು. ಮೇಲೆ ದೀಪ ಮಿಣುಕುತ್ತಲೇ ಇತ್ತು.

ಅಷ್ಟರಲ್ಲಿ ಮ್ಯೊಂಗಿಮ್ ಫೋನ್ ಮಾಡಿದಳು. “ಹಾಸಿಗೆ ಖಾಲಿ ಆಗಿದೆ. ಮುದುಕರೊಬ್ರು ತೀರ್ಕೊಂಡ್ರಂತೆ, ಪಾಪ. ಇನ್ನೂ ಇಬ್ರು ಕಾಯ್ತಿದಾರೆ, ನಾಳೆ ಮಧ್ಯಾಹ್ನದೊಳಗೆ ಹೇಳ್ಬೇಕಂತೆ. ಏನಂತೀಯ? ಪೆಟ್ಟಿಗೆ ಕೆಲಸ ಮಾಡ್ತಿದ್ಯಾ?”

“ಇಲ್ಲ.”

“ಹಂಗಾದ್ರೆ ಅವನ ಬಟ್ಟೆ ತೆಗೆದಿಡು,” ಎಂದಳು ಅಕ್ಕ. ಅವಳ ದನಿಯೂ ಇಳಿದಿತ್ತು.

ಹ್ವಾಜಾ ಗಂಡನ ಪೈಜಾಮಗಳನ್ನು ತೆಗೆದಳು, ಇಸ್ತ್ರಿ ಹಾಕಿದಳು, ಮಡಚಿದಳು. ಆಮೇಲೆ ಮೇಸ್ತ್ರಿ ಜಿನ್‌ಗೆ ಫೋನ್ ಮಾಡಿ ಬಾ ಎಂದಳು. ಮೊದಲು ಫೋನ್ ಮಾಡಬೇಕಿತ್ತು, ಬಟ್ಟೆ ಆಮೇಲೆ ಮಡಚಬಹುದಿತ್ತು ಎಂದು ಅವಳಿಗೆ ಹೊಳೆಯಲಿಲ್ಲ.

ಊಟದ ಹೊತ್ತು ಕಳೆದ ಮೇಲೆ ಜಿನ್ ಬಂದ. ಬಾಯಲ್ಲಿ ಇನ್ನೂ ಮೂಲಂಗಿ ಉಪ್ಪಿನಕಾಯಿ ಅಗಿಯುತ್ತ ಎಂಟು ಕೊಂಬಿನದನ್ನು ನೋಡಿ, “ಅಬ್ಬಾ, ಇದು ಮದುವೆ ಛತ್ರಕ್ಕೆ ಹಾಕೋದು,” ಎಂದ. ತನ್ನ ಫೋನನ್ನು ಎದೆ ಮಟ್ಟಕ್ಕೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದ. “ಇಲ್ಲಿ ಸಿಗುತ್ತೆ. ಇಲ್ಲೂ ಸಿಗುತ್ತೆ. ಬಾಗಿಲಲ್ಲಿ ಇದೆ, ಸ್ವಲ್ಪ.” ಚಪ್ಪಲಿ ಬಿಟ್ಟು ಕೋಣೆಯೊಳಗೆ ಕಾಲಿಟ್ಟ. ಹಾಸಿಗೆಯಲ್ಲಿದ್ದ ಬ್ಯೊಂಗ್ಮಾನನಿಗೆ ತಲೆಬಾಗಿದ. ಬೀರುವಿನ ಹತ್ತಿರ ಹೋದ, ನೆಲಕ್ಕೆ ಮಂಡಿಯೂರಿದ, ಎದ್ದ, ಮತ್ತೆ ಊರಿದ.

“ಅಮ್ಮಾ, ಈ ನೆಲದಡಿ ಏನಿದೆ?”

“ಬಿಸಿನೀರಿನ ಕೊಳವೆ.”

“ಅದು ಎಲ್ಲಾರ ಮನೇಲೂ ಇರುತ್ತೆ. ಅದಲ್ದೆ?”

ಹ್ವಾಜಾ ನೆಲ ನೋಡಿದಳು. ಕಟ್ಟಿಗೆಯ ಬಣ್ಣದ ದಪ್ಪ ಪ್ಲಾಸ್ಟಿಕ್ ಹಾಳೆ, ದಿನಾ ಒರೆಸಿ ಒರೆಸಿ ಬೆಳ್ಳಗಾದದ್ದು.

“ತಾಮ್ರ,” ಎಂದಳು.

ಜಿನ್ ಬಾಯಿ ತೆರೆದು ನಕ್ಕ. ಬ್ಯೊಂಗ್ಮಾನ್ ಇದ್ದಾನೆಂದು ನೆನಪಾಗಿ ಬಾಯಿ ಮುಚ್ಚಿಕೊಂಡ. “ನೀರಿನ ಸೆಲೆಗಾ? ನಮ್ಮಮ್ಮನೂ ಮಂಚದಡಿ ಹಾಸಿದಾಳೆ, ತೆಗೆಯೋಕೆ ಬಿಡಲ್ಲ. ತಾಮ್ರ ಹಾಸಿದ್ಮೇಲೆ ಎಂಟಲ್ಲ, ಎಂಬತ್ತು ಕೊಂಬಿದ್ರೂ ಕೆಳಗಿಂದ ಮೇಲಕ್ಕೆ ಬರಲ್ಲಮ್ಮಾ. ಇದಕ್ಕೆ ಇರೋ ದಾರಿ ಅಂದ್ರೆ ಹೊರಗಿಂದ ವೈರ್ ಎಳೆದು ಮೇಲೊಂದು ಪೆಟ್ಟಿಗೆ ಇಡೋದು. ಆದ್ರೆ ಗೋಡೆ ಕೊರೆಯೋರೆಲ್ಲ ಹಬ್ಬಕ್ಕೆ ಊರಿಗೆ ಹೋದ್ರು. ಹಬ್ಬ ಕಳೀಲಿ, ಮಾಡ್ಸಿಕೊಡ್ತೀನಿ.”

“ನಾಳೆ ಮಧ್ಯಾಹ್ನದೊಳಗೆ ಬೇಕು.”

“ನಾಳೆ ನಾನೇ ಬಸ್ಸಿನಲ್ಲಿರ್ತೀನಿ.” ಅವನು ತಲೆ ಕೆರೆದುಕೊಂಡ. “ಇಲ್ಲಾಂದ್ರೆ ತಾಮ್ರ ತೆಗೀಬೇಕು. ನೀವೊಬ್ರೇ, ಅದರ ಮೇಲೆ ಇವ್ರು ಮಲಗಿದಾರೆ, ಹೆಂಗಾಗುತ್ತೆ?”

“ಆಯ್ತು,” ಎಂದ ಬ್ಯೊಂಗ್ಮಾನ್ ಹಾಸಿಗೆಯಿಂದ. ಬಾಯಾರಿಕೆಯಾಗಿತ್ತು. ಹ್ವಾಜಾ ನೀರು ಕುಡಿಸಿದಳು.

ಆ ತಾಮ್ರ ಬಂದದ್ದು ಹೀಗೆ. ಮದುವೆಯಾಗಿ ಹಲವು ವರ್ಷವಾದರೂ ಹ್ವಾಜಾಳಿಗೆ ಮಕ್ಕಳಾಗಲಿಲ್ಲ. ಒಂದು ವಸಂತದಲ್ಲಿ ಅತ್ತೆ ಆಂದೋಂಗ್ ಕಡೆಯಿಂದ ಒಬ್ಬ ಮುದುಕನನ್ನು ಕರೆತಂದರು. ಅವನ ಎರಡು ಕೈಯಲ್ಲಿ ಎರಡು ಬಗ್ಗಿಸಿದ ಸರಳು. ಅಂಗಡಿಯಲ್ಲೆಲ್ಲ ಓಡಾಡಿದ, ಮಹಡಿ ಹತ್ತಿದ, ಗಂಡಹೆಂಡಿರು ಮಲಗುವ ಜಾಗಕ್ಕೆ ಬಂದಾಗ ಸರಳುಗಳು ಒಂದರ ಮೇಲೊಂದು ಬಿದ್ದವು. ನೆಲದಾಳದಲ್ಲಿ ನೀರಿನ ಸೆಲೆ ಹರಿಯುತ್ತಿದೆ, ಅದರ ಮೇಲೆ ಮಲಗಿದವರ ಮೈ ತಣ್ಣಗಾಗುತ್ತದೆ, ಗರ್ಭ ನಿಲ್ಲುವುದಿಲ್ಲ ಎಂದ. ಅತ್ತೆ ತೆಳುವಾದ ತಾಮ್ರದ ಪಟ್ಟಿಗಳನ್ನು ತರಿಸಿ, ಪ್ಲಾಸ್ಟಿಕ್ ಹಾಳೆಯಡಿಗೆ ಗೋಡೆಯಿಂದ ಗೋಡೆಗೆ ಹಾಸಿಸಿದರು. ಅಂದಿನಿಂದ ಹ್ವಾಜಾ ಅದರ ಮೇಲೆ ಮಲಗಿದಳು. ಮಗುವಾಗಲಿಲ್ಲ. ಯಾರೂ ಮತ್ತೆ ಅದರ ಮಾತೆತ್ತಲಿಲ್ಲ. ಅತ್ತೆ ತೀರಿಕೊಂಡರು, ತಾಮ್ರ ಅಲ್ಲೇ ಉಳಿಯಿತು. ಮೊದಮೊದಲು ರಾತ್ರಿ ಮಗ್ಗುಲಾದಾಗ ಕಿರ್ರೆನ್ನುತ್ತಿತ್ತು, ನಿನ್ನದೇ ದೋಷ, ನಿನ್ನದೇ ದೋಷ ಅಂದ ಹಾಗೆ. ಬರಬರುತ್ತ ಅದೂ ಕೇಳಿಸದಾಯಿತು.

ಜಿನ್ ಹೋದ ಮೇಲೆ ಹ್ವಾಜಾ ಅಂಗಡಿ ಬಾಗಿಲಿಗೆ ‘ಈಗ ಬರುತ್ತೇನೆ’ ಎಂಬ ಹಲಗೆ ಹಾಕಿ ಮೇಲೆ ಬಂದಳು. ಗಂಡನ ತಲೆಯ ಬಳಿ ಕುಕ್ಕರಗಾಲಿನಲ್ಲಿ ಕೂತಳು.

“ರೀ, ಗುಡ್ಡದ ಆಸ್ಪತ್ರೆಗೆ ಹೋಗ್ತೀರಾ?”

“ಆಯ್ತು.”

“ಇಲ್ಲೇ ಇರ್ತೀರಾ?”

“ಆಯ್ತು.”

ಎರಡಕ್ಕೂ ಒಂದೇ ದನಿ. ಅವಳು ಇನ್ನೊಮ್ಮೆ ಕೇಳಿದಳು, ಕಿವಿಯನ್ನು ಅವನ ಬಾಯಿಗೆ ಹತ್ತಿರ ತಂದು. ಏನೂ ತಿಳಿಯಲಿಲ್ಲ. ಅವನ ಕಣ್ಣು ಟಿವಿಯ ಮೇಲಿತ್ತು. ತನ್ನೊಳಗೇನಾದರೂ ಇದೆಯೇ ಎಂದು ಹುಡುಕಿದಳು. ಅಲ್ಲಿಯೂ ಏನೂ ಸಿಗಲಿಲ್ಲ. ಮೂರು ಚಮಚದ ಬಟ್ಟಲು ಮಾತ್ರ ನೆನಪಿಗೆ ಬಂತು, ಇನ್ನೂ ತುಂಬಿದ್ದದ್ದು, ನರ್ಸಿನ ಕೈಯಲ್ಲಿ ಬಾಗಿಲು ದಾಟಿ ಹೋಗುತ್ತಿದ್ದದ್ದು.

ಅವಳು ಎದ್ದು ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡಳು.

ಮಲಗಿದವರನ್ನು ಎತ್ತದೆ ಹಾಸಿಗೆಯ ವಸ್ತ್ರ ಬದಲಿಸುವುದು ಅವಳಿಗೆ ಈಗ ಕೈಪಳಗಿದ ಕೆಲಸ. ಮೈಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಹಿಂದಿನ ವಸ್ತ್ರವನ್ನು ಬೆನ್ನಿನ ತನಕ ಸುತ್ತಿ ತರಬೇಕು. ಆಮೇಲೆ ಈಚೆ ಹೊರಳಿಸಿ, ಸುತ್ತಿದ್ದನ್ನು ಆಚೆಯಿಂದ ಎಳೆದುಕೊಳ್ಳಬೇಕು. ನೆಲವನ್ನೂ ಹಾಗೇ ಮಾಡಿದಳು. ಬೀರುವಿನ ಕಡೆಯ ಗೋಡೆಗೆ ಅವನನ್ನು ಹಾಸಿಗೆಸಮೇತ ಎಳೆದು ಹೊರಳಿಸಿದಳು. ಕಿಟಕಿಯ ಕಡೆ ಪ್ಲಾಸ್ಟಿಕ್ ಹಾಳೆಯ ಅಂಚಿಗೆ ದರ್ಜಿಯ ಕತ್ತರಿ ಹಾಕಿ ಎತ್ತಿ ಚಾಪೆಯ ಹಾಗೆ ಸುತ್ತಿದಳು. ಅಡಿಯಲ್ಲಿ ತಾಮ್ರ ಕಂಡಿತು. ಹೊಳಪೇನೂ ಇರಲಿಲ್ಲ. ಕಂದು ಬಣ್ಣ, ಅಲ್ಲಲ್ಲಿ ಹಸಿರು ಕಿಲುಬು. ಇಬ್ಬರೂ ಮಲಗುತ್ತಿದ್ದ ಕಡೆ ಭುಜದ, ಸೊಂಟದ ಭಾರಕ್ಕೆ ತಗ್ಗುಗಳಾಗಿದ್ದವು, ಎರಡು ಮೈಯಷ್ಟು ಅಗಲ. ಅವಳು ಒಂದು ತಗ್ಗಿನ ಮೇಲೆ ಅಂಗೈ ಇಟ್ಟು ನೋಡಿದಳು. ಬೆಚ್ಚಗಿರಬೇಕು, ನೆಲದಡಿ ಬಿಸಿನೀರಿದೆಯಲ್ಲ. ಬೆರಳಿಗೆ ತಿಳಿಯಲಿಲ್ಲ.

ಪಟ್ಟಿಗಳನ್ನು ಒಂದೊಂದಾಗಿ ಎಳೆದಳು. ಕೆಲವು ಸುಲಭವಾಗಿ ಬಂದವು, ಕೆಲವು ಸಿಮೆಂಟಿಗೆ ಅಂಟಿಕೊಂಡು ಹರಿದವು. ಒಂದರ ಅಂಚು ಅಂಗೈ ಕೊಯ್ದಿತು. ರಕ್ತ ನೆಲದ ಮೇಲೆ ಕಂಡ ಮೇಲೆಯೇ ಅವಳಿಗೆ ಗೊತ್ತಾದದ್ದು. ಹಾಳೆಯನ್ನು ಮತ್ತೆ ಬಿಡಿಸಿ, ಗಂಡನನ್ನು ಈಚೆ ಹೊರಳಿಸಿ, ಆಚೆಯದನ್ನೂ ಎಳೆದಳು. ಬ್ಯೊಂಗ್ಮಾನ್ ಗೋಡೆಗೆ ಮುಖ ಮಾಡಿ ಎರಡು ಸಲ ಬೇಗಬೇಗ “ಆಯ್ತು, ಆಯ್ತು,” ಎಂದ.

“ಹೊರಳಿಸ್ತೀನಿ ತಾಳ್ರೀ. ನಿಮ್ಮಮ್ಮನ ತಾಮ್ರ ಅರ್ಧ ಬಂತು, ಅರ್ಧ ಇದೆ.”

ಕೊನೆಯ ಪಟ್ಟಿ ಬಂದಾಗ ಕಿಟಕಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಎಲ್ಲವನ್ನೂ ಸುತ್ತಿ ಬಟ್ಟೆಯಂಚಿನ ತುಂಡಿನಿಂದ ಕಟ್ಟಿದಳು. ಬೀರುವಿನ ಮೇಲೆ ನೋಡಿದಳು. ದೀಪ ಮಿಣುಕುತ್ತಲೇ ಇತ್ತು. ಸರಿ, ಹಾಗಾದರೆ ಹಾಗೇ, ಎಂದುಕೊಂಡು ಅವನ ಮೈ ಒರೆಸಿದಳು. ಒರೆಸಿ ಬಟ್ಟೆ ಹಿಂಡಿ ತಿರುಗಿದರೆ ಮಿಣುಕುತ್ತಿರಲಿಲ್ಲ. ಹಸಿರಾಗಿ ಸುಮ್ಮನೆ ನಿಂತಿತ್ತು. ಯಾವಾಗ ನಿಂತಿತೋ ಅವಳು ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಮ್ಯೊಂಗಿಮ್ ಹಬ್ಬದ ಕಡುಬಿನ ಡಬ್ಬಿ, ತಮ್ಮನ ಬಟ್ಟೆಗೆಂದು ಚಕ್ರದ ಚೀಲ ತೆಗೆದುಕೊಂಡು ಬಂದಳು. ಹ್ವಾಜಾ ಇಸ್ತ್ರಿ ನಿಲ್ಲಿಸದೆ, ಗದ್ದದಿಂದ ಟ್ಯಾಬನ್ನು ತೋರಿಸಿದಳು. ಅದರಲ್ಲಿ ಬ್ಯೊಂಗ್ಮಾನ್ ಮೇಲಿನಿಂದ ಕಂಡಂತೆ, ಸಣ್ಣದಾಗಿ, ಟಿವಿ ನೋಡುತ್ತ ಮಲಗಿದ್ದ. ಟಿವಿಯ ಸದ್ದೂ ಕೇಳುತ್ತಿತ್ತು.

“ಅಯ್ಯೋ, ನಮ್ಮ ಹುಡುಗ!” ಎಂದಳು ಅಕ್ಕ. “ತಲೆ ಬೋಳಾಗಿದೆಯಲ್ಲೇ ನೆತ್ತಿ ಮೇಲೆ! ನಾನು ನೋಡೇ ಇರ್ಲಿಲ್ಲ. ನೋಡ್ದ್ಯಾ, ಎಂಟು ಕೊಂಬಿಂ‌ದು ಅಂದ್ರೆ ಸುಮ್ನೇನಾ?”

“ಕೊಂಬಲ್ಲ ಅಕ್ಕಾ. ಅತ್ತೆ ಹಾಸಿಸಿದ್ದ ತಾಮ್ರ ತೆಗೆದೆ.”

ಮ್ಯೊಂಗಿಮ್ ಸ್ಟೂಲಿನ ಮೇಲೆ ಕೂತಳು. ಬೈಗುಳ ಬರುತ್ತದೆಂದು ಹ್ವಾಜಾ ಕಾದಳು. ಕಾಯುತ್ತ ಒಂದು ತೋಳಿಗೆ ಇಸ್ತ್ರಿ ಹಾಕಿ ಮುಗಿಸಿದಳು.

“ಅಮ್ಮನ ತಾಮ್ರಾನಾ,” ಎಂದಳು ಮ್ಯೊಂಗಿಮ್. “ಅವ್ನಿಗೆ ಸೆಲೆ ತಾಗಲ್ವೇನೇ? ಮೊದ್ಲೇ ಕಾಯಿಲೆ ಮೈ.”

“ತಾಮ್ರ ಇದ್ದಾಗ್ಲೇ ತಾನೇ ಬಿದ್ದಿದ್ದು.”

ಅಕ್ಕ ಮಂಡಿ ನೀವಿಕೊಂಡಳು. “ನಮ್ಮಮ್ಮಂಗೆ ಆ ಸರಳಿನ ಮುದುಕನ ಮೇಲೆ ನಂಬಿಕೆ ಇತ್ತು ಅನ್ಕೊಂಡಿದೀಯಾ? ಅವ್ನು ಹೋದ ತಕ್ಷಣ ‘ಕಳ್ಳ’ ಅಂದಳು. ದೊಡ್ಡಪ್ಪಂದಿರೆಲ್ಲ ಕೂತು ನಿನ್ನ ತೌರಿಗೆ ಕಳ್ಸಿ, ಬೇರೆ ಹೆಣ್ಣು ತರೋಣ ಅಂತಿದ್ರು. ತಪ್ಪು ನೆಲದ್ದು ಅಂದ್ಬಿಟ್ರೆ ಹುಡುಗಿ ಮೇಲೆ ಬರಲ್ಲ ಅಂತ ಅಮ್ಮ ಇಡೀ ಬೀದಿಗೆ ಕಾಣೋ ಹಾಗೆ ತಾಮ್ರ ಹೊರ್ಸಿಕೊಂಡು ಬಂದ್ಳು. ನಿಂಗೊತ್ತಿರ್ಲಿಲ್ವಾ?”

“ಇಲ್ಲ.”

“ಹೇಳಿರ್ತಾಳೆ ಅನ್ಕೊಂಡಿದ್ದೆ. ಅವಳೂ ಮಾತಾಡೋಳಲ್ಲ, ನೀನೂ ಅಲ್ಲ. ಒಳ್ಳೇ ಅತ್ತೆ, ಒಳ್ಳೇ ಸೊಸೆ.”

ಹ್ವಾಜಾ ಇಸ್ತ್ರಿಯನ್ನು ಅದರ ತಟ್ಟೆಯ ಮೇಲೆ ನಿಲ್ಲಿಸಿದಳು. ಅಂಗೈಗೆ ಸುತ್ತಿದ್ದ ಬಟ್ಟೆ ಸಡಿಲಾಗಿತ್ತು. ಬಿಚ್ಚಿ ಮತ್ತೆ ಸುತ್ತಿಕೊಂಡಳು. ಹಲ್ಲಿನಿಂದ ಗಂಟು ಬಿಗಿಯುವಾಗ ಅಂಗೈ ಚುರ್ರೆಂದಿತು, ನಿನ್ನೆ ಆಗದ ನೋವು. ಒಂದು ಸಲ ಆಗಿ ಹೋಯಿತು. ಅವಳು ಮತ್ತೆ ಇಸ್ತ್ರಿ ಎತ್ತಿಕೊಂಡಳು.

ಮ್ಯೊಂಗಿಮ್ ಫೋನ್ ತೆಗೆದು ಓರಗಿತ್ತಿಯ ಮಗಳಿಗೆ, “ಹಾಸಿಗೆ ಬೇರೆಯೋರಿಗೆ ಕೊಟ್ಬಿಡು ಕಣೇ. ನಮ್ಮೋನು ಮನೇಲೇ ಇರ್ತಾನೆ,” ಎಂದಳು. ಆಮೇಲೆ ಮೂಲೆಯಲ್ಲಿದ್ದ ಸುರುಳಿ ನೋಡಿದಳು. “ಅದೇನಾ? ಕೊಡಿಲ್ಲಿ. ನನ್ನ ಮಂಚದಡಿ ಹಾಸ್ಕೋತೀನಿ. ಈ ಮಂಡಿಗೆ ಏನ್ ಹಾಕಿದ್ರೂ ಹಾಕೋದೇ.”

“ಕಳ್ಳ ಅಂದ್ರಿ?”

“ಮುದುಕ ಕಳ್ಳ. ತಾಮ್ರ ಏನ್ ಮಾಡಿತ್ತು?”

ತಮ್ಮನ ಪೈಜಾಮಗಳಿಗೆಂದು ತಂದ ಚಕ್ರದ ಚೀಲದಲ್ಲಿ ತಾಮ್ರದ ಸುರುಳಿ ತುರುಕಿಕೊಂಡು, ಮೇಲೆ ಹೋಗಿ ಅವನ ಬಾಯಿಗೊಂದು ಕಡುಬು ಇಟ್ಟು, ಅವಳು ಬಸ್ಸಿಗೆ ಹೊರಟಳು. ಚೀಲ ಬೀದಿಯ ಕಲ್ಲುಗಳ ಮೇಲೆ ಗಲಗಲ ಎನ್ನುತ್ತ ಹೋಯಿತು.

ಮಡಚಿಟ್ಟಿದ್ದ ಪೈಜಾಮಗಳನ್ನು ಹ್ವಾಜಾ ಮತ್ತೆ ಕಪಾಟಿಗೆ ಹಾಕಿದಳು. ಮುಂದಿನದು ಅಂಚೆಯವರ ಹೆಂಡತಿಯ ಹಬ್ಬದ ನಿಲುವಂಗಿ. ಕತ್ತಿನ ಬಿಳಿ ಪಟ್ಟಿ ಬಿಚ್ಚಿ ಹೊಸದು ಹೊಲಿಯಬೇಕು. ಅದಕ್ಕೂ ಮೊದಲು ಮೈಭಾಗಕ್ಕೆ ಇಸ್ತ್ರಿ. ಬಟ್ಟಲಿನಿಂದ ಒಂದು ಬಾಯಿ ನೀರು ತುಂಬಿಕೊಂಡು, ತುಟಿ ಬಿಗಿದು, ಬಟ್ಟೆಯ ಮೇಲೆ ಮಂಜಿನಂತೆ ಊದಿದಳು.

“ಆಯ್ತು,” ಎಂದಿತು ಟ್ಯಾಬು.

ಅವಳು ಇಸ್ತ್ರಿ ಎತ್ತಿ ಹಿಡಿದು ಕೇಳಿಸಿಕೊಂಡಳು. ಕೊನೆ ಮೇಲೇಳಲಿಲ್ಲ, ಎರಡು ಸಲವೂ ಬರಲಿಲ್ಲ. ಕಡುಬು ಮುಗಿಯಿತು ಎಂಬುದು. ಅವಳು ಇಸ್ತ್ರಿ ಇಳಿಸಿ, ತೋಳಿನ ಹೊಲಿಗೆಯಗುಂಟ ಮೆಲ್ಲಗೆ ಎಳೆಯತೊಡಗಿದಳು.